ಕೈಗೆ ಬಂದದ್ದು ಕಾಗದಕ್ಕೆ ಬಾರದಾಗ

ಹೊರದೇಶದಿಂದ ಅಮೆರಿಕದ ಸೇನೆಯಲ್ಲಿ ತರಬೇತಿಗೆ ಬರುವ ಸೈನಿಕನಿಗಿಂತ ಮೊದಲೇ ಅವನ ಆದೇಶಪತ್ರ ನಮ್ಮ ಕಚೇರಿಗೆ ಬಂದು ಕುಳಿತಿರುತ್ತದೆ. ‘ಇನ್ವಿಟೇಷನಲ್ ಟ್ರಾವೆಲ್ ಆರ್ಡರ್’ ಎಂದು ಅದರ ಪೂರ್ತಿ ಹೆಸರು. ಎಲ್ಲರ ಬಾಯಲ್ಲೂ ಐಟಿಒ. ಯಾವ ಕೋರ್ಸು, ಎಂದಿನಿಂದ ಎಂದಿನವರೆಗೆ, ಹೆಂಡತಿ ಮಕ್ಕಳನ್ನು ಕರೆತರಬಹುದೇ, ಕಾಯಿಲೆ ಬಿದ್ದರೆ ಆಸ್ಪತ್ರೆಯ ಖರ್ಚು ಯಾರದು, ದಿನಭತ್ಯೆ ಕೊಡುವವರು ಯಾರು, ಮರಳುವಾಗ ಎಷ್ಟು ಸಾಮಾನು ಒಯ್ಯಬಹುದು, ಎಲ್ಲವೂ ಅದರಲ್ಲಿ ಇರುತ್ತದೆ. ಅದರಲ್ಲಿ ಇಲ್ಲದ್ದನ್ನು ಕೊಡಲು ಯಾರಿಗೂ ಅಧಿಕಾರವಿಲ್ಲ. ಈ ಕಾಗದವನ್ನು ಸರಿಯಾಗಿ ಓದಲು ಬಂದರೆ ಅರ್ಧ ಕೆಲಸ ಬಂದ ಹಾಗೆ ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ಉಳಿದರ್ಧ ಏನೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ನಗರದೊಳಗೇ ಫೋರ್ಟ್ ಸ್ಯಾಮ್ ಹ್ಯೂಸ್ಟನ್ ಎಂಬ ಹಳೆಯ ಸೇನಾನೆಲೆ ಇದೆ. ಅಮೆರಿಕದ ಸೇನಾ ವೈದ್ಯಕೀಯ ಶಿಕ್ಷಣದ ತವರುಮನೆ ಅದು. ನೆಲೆಗಳನ್ನು ಮುಚ್ಚುವ, ಮರುಜೋಡಿಸುವ 2005ರ ತೀರ್ಮಾನದಂತೆ ಭೂಸೇನೆ, ನೌಕಾಪಡೆ, ವಾಯುಪಡೆಗಳು ಬೇರೆ ಬೇರೆ ಊರುಗಳಲ್ಲಿ ನಡೆಸುತ್ತಿದ್ದ ಶಾಲೆಗಳನ್ನು ತಂದು ಇಲ್ಲಿ ಒಂದೇ ಆವರಣಕ್ಕೆ ಸೇರಿಸಿದರು. 2010ರಿಂದ ಆ ಆವರಣದಲ್ಲಿ ಮೂರೂ ಪಡೆಗಳ ಹುಡುಗ ಹುಡುಗಿಯರು ಒಂದೇ ಬೆಂಚಿನಲ್ಲಿ ಕುಳಿತು ಕಲಿಯುತ್ತಾರೆ. ಅವರ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು ಬೇರೆ ಬಣ್ಣದ ಸಮವಸ್ತ್ರದವರು ಕಾಣುತ್ತಾರಲ್ಲ, ಅವರೇ ನಮ್ಮವರು. ನಾನು ನಗರದ ಆಸ್ಪತ್ರೆಯೊಂದರ ಅಪಘಾತ ವಿಭಾಗದಲ್ಲಿ ದಾದಿಯಾಗಿದ್ದವಳು. ರಾತ್ರಿ ಪಾಳಿ ಮಾಡಿ ಮಾಡಿ ಸಾಕಾಗಿ, ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಕಚೇರಿಯಲ್ಲಿ ನಾಗರಿಕ ಸಿಬ್ಬಂದಿಯ ಹುದ್ದೆ ಇದೆ ಎಂದು ತಿಳಿದು ಅರ್ಜಿ ಹಾಕಿದೆ. ಹಗಲು ಕೆಲಸ, ಮೇಜು ಕುರ್ಚಿ, ಫೈಲು ಎಂದುಕೊಂಡಿದ್ದೆ. ಫೈಲುಗಳೇನೋ ಇದ್ದವು.

ಮೊದಲ ವಾರದ ಕೆಲಸಗಳಿಗೆ ಬುದ್ಧಿ ಬೇಕಿಲ್ಲ, ತಾಳ್ಮೆ ಬೇಕು. ಗುರುತಿನ ಚೀಟಿ, ಬ್ಯಾಂಕ್ ಖಾತೆ, ಮೊಬೈಲ್ ಸಿಮ್, ವಸತಿಯ ಬೀಗದ ಕೈ. ಇವರು ಬರುವುದು ಸಾಮಾನ್ಯ ವಿದ್ಯಾರ್ಥಿ ವೀಸಾದಲ್ಲಿ ಅಲ್ಲ, ಸರ್ಕಾರಿ ಕೆಲಸದ ಮೇಲೆ ಬರುವವರಿಗೆ ಕೊಡುವ ಎ-2 ವೀಸಾದಲ್ಲಿ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರುವುದಿಲ್ಲ. ಅಂಗಡಿಯ ಹುಡುಗನ ಕಂಪ್ಯೂಟರಿಗೆ ಆ ಸಂಖ್ಯೆ ಇಲ್ಲದ ಮನುಷ್ಯ ಮನುಷ್ಯನೇ ಅಲ್ಲ. ಒಮ್ಮೆ ಒಬ್ಬ ಮೇಜರ್, ತನ್ನ ದೇಶದಲ್ಲಿ ಇಡೀ ಆಸ್ಪತ್ರೆಯ ಉಸ್ತುವಾರಿ ಹೊತ್ತಿದ್ದ ಶಸ್ತ್ರಚಿಕಿತ್ಸಕ, ಫೋನಿನ ಅಂಗಡಿಯ ಸಾಲಿನಲ್ಲಿ ನಿಂತು, ಸರದಿ ಬಂದಾಗ ‘ಆಗುವುದಿಲ್ಲ’ ಎನ್ನಿಸಿಕೊಂಡು, ಮಾತಿಲ್ಲದೆ ಹೊರಬಂದ. ಆ ಮುಖ ನೋಡಿದ ಮೇಲೆ ನಾನು ಯಾರನ್ನೂ ಒಂಟಿಯಾಗಿ ಅಲ್ಲಿಗೆ ಕಳುಹಿಸಲಿಲ್ಲ. ಮೊದಲೇ ಹಣ ಕಟ್ಟುವ ಸಿಮ್ ತೆಗೆಸಿಕೊಟ್ಟರೆ ಹತ್ತು ನಿಮಿಷದ ಕೆಲಸ. ಅಂದು ರಾತ್ರಿ ಮನೆಯವರೊಡನೆ ಮಾತನಾಡಿದವನು ಮರುದಿನ ಬೇರೆಯೇ ಮನುಷ್ಯನಾಗಿ ಬರುತ್ತಾನೆ.

ನಿಜವಾದ ತೊಡಕು ಶುರುವಾಗುವುದು ತರಗತಿ ಶುರುವಾದ ಮೇಲೆ.

ಹೆಚ್ಚಿನವರು ಇಲ್ಲಿಗೆ ಬರುವ ಮೊದಲು ಇದೇ ಊರಿನ ಇನ್ನೊಂದು ಮೂಲೆಯ ಲ್ಯಾಕ್‌ಲ್ಯಾಂಡ್ ವಾಯುನೆಲೆಯಲ್ಲಿ ಇಂಗ್ಲಿಷ್ ಕಲಿತಿರುತ್ತಾರೆ. ಡಿಫೆನ್ಸ್ ಲ್ಯಾಂಗ್ವೇಜ್ ಇನ್‌ಸ್ಟಿಟ್ಯೂಟಿನ ಇಂಗ್ಲಿಷ್ ಕೇಂದ್ರ ಇರುವುದು ಅಲ್ಲಿ; ವಿಮಾನ ಹಾರಿಸುವವರಿಂದ ಹಿಡಿದು ಗಾಯಕ್ಕೆ ಪಟ್ಟಿ ಕಟ್ಟುವವರವರೆಗೆ ಹತ್ತಾರು ದೇಶಗಳವರು ಅಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ಕೊನೆಗೆ ಇಸಿಎಲ್ ಎಂಬ ಪರೀಕ್ಷೆ. ನೂರಕ್ಕೆ ಇಷ್ಟು ಬಂದರೆ ಇಂಥ ಕೋರ್ಸಿಗೆ ಪ್ರವೇಶ ಎಂದು ನಿಗದಿಯಾಗಿರುತ್ತದೆ. ಪರೀಕ್ಷೆ ಒಳ್ಳೆಯದೇ, ಆದರೆ ಅದು ಅಳೆಯುವುದು ಕಿವಿಯನ್ನು ಮತ್ತು ಕಣ್ಣನ್ನು. ಕೇಳಿ ಅಥವಾ ಓದಿ, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಬಾಯಿ ಬಿಡಬೇಕಾಗಿಲ್ಲ. ಹಾಗಾಗಿ ಎಂಬತ್ತು ಅಂಕ ತೆಗೆದುಕೊಂಡು ಬಂದವನೂ ಮೂವತ್ತು ನಲವತ್ತು ಜನರ ತರಗತಿಯಲ್ಲಿ ಕೈ ಎತ್ತಿ ‘ಇದು ನನಗೆ ಅರ್ಥವಾಗಲಿಲ್ಲ’ ಎಂದು ಹೇಳುವ ಧೈರ್ಯ ಪಡೆದು ಬಂದಿರುವುದಿಲ್ಲ. ‘ಅರ್ಥವಾಯಿತೇ’ ಎಂದು ಬೋಧಕರು ಕೇಳುತ್ತಾರೆ. ‘ಆಯಿತು ಸರ್’ ಎಂಬ ಉತ್ತರ ತಪ್ಪದೆ ಬರುತ್ತದೆ. ಎಷ್ಟೋ ಸೇನೆಗಳಲ್ಲಿ ಮೇಲಧಿಕಾರಿಯ ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ನಾನು ಆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ‘ನಾಳೆ ನೀನು ಏನು ಮಾಡಬೇಕು, ನನಗೆ ಹೇಳು’ ಎನ್ನುತ್ತಿದ್ದೆ. ಹೇಳಲು ಬಂದರೆ ಅರ್ಥವಾಗಿದೆ, ಬಾರದಿದ್ದರೆ ಇಲ್ಲ. ಯಾರ ಮಾನವೂ ಹೋಗುವುದಿಲ್ಲ.

2019ರಲ್ಲಿ ಬಂದ ಒಬ್ಬ ಸಾರ್ಜೆಂಟ್‌ನಿಂದ ನಾನು ಈ ಕೆಲಸವನ್ನು ಕಲಿತೆ ಎಂದರೂ ಸರಿಯೇ. ಪಶ್ಚಿಮ ಆಫ್ರಿಕಾದವನು, ಮನೆಯ ಮಾತು ಒಂದು, ಶಾಲೆಯಲ್ಲಿ ಕಲಿತದ್ದು ಫ್ರೆಂಚ್, ಇಂಗ್ಲಿಷ್ ಇಲ್ಲಿಗೆ ಬಂದ ಮೇಲಿನದು. ಹೆಸರು ಬೇಡ. ತನ್ನ ದೇಶದ ಉತ್ತರದ ಗಡಿಯಲ್ಲಿ ವರ್ಷಗಟ್ಟಲೆ ವೈದ್ಯಕೀಯ ಸಹಾಯಕನಾಗಿದ್ದವನು. ಯುದ್ಧರಂಗದ ಸಹಾಯಕರ ಕೋರ್ಸಿಗೆ ಸೇರಿದ್ದ. ತರಗತಿಯ ಉಳಿದವರು ಹದಿನೆಂಟು, ಹತ್ತೊಂಬತ್ತರ ಅಮೆರಿಕದ ಹೊಸ ಸೈನಿಕರು. ರಕ್ತ ನೋಡಿದ್ದೇ ಇಲ್ಲದವರು. ಮೊದಲ ಲಿಖಿತ ಪರೀಕ್ಷೆಯಲ್ಲಿ ಅವರೆಲ್ಲ ಪಾಸಾದರು, ಇವನು ನಪಾಸಾದ. ಎರಡನೆಯದರಲ್ಲಿ ದಡ ಮುಟ್ಟಿದ, ಅಷ್ಟೆ. ‘ಅವನಿಗೆ ತಳಹದಿಯೇ ಗಟ್ಟಿ ಇಲ್ಲ ಅನ್ನಿಸುತ್ತದೆ’ ಎಂದು ಒಬ್ಬ ಬೋಧಕರು ನನಗೆ ಫೋನು ಮಾಡಿದರು. ಅವರು ಕೆಟ್ಟವರಲ್ಲ, ಅವರ ಮುಂದಿದ್ದದ್ದು ಅಂಕಪಟ್ಟಿ ಮಾತ್ರ.

ಸಂಜೆ ಅವನನ್ನು ಓದುವ ಕೋಣೆಗೆ ಕರೆದೆ. ಪ್ರಶ್ನೆಪತ್ರಿಕೆ ತೆಗೆಯುವ ಮೊದಲು, ಅಭ್ಯಾಸಕ್ಕೆಂದು ಇಟ್ಟಿದ್ದ ನೀಲಿ ಟೂರ್ನಿಕೆಟ್ (ಕೋಲು ತಿರುವಿ ಬಿಗಿದು ರಕ್ತ ನಿಲ್ಲಿಸುವ ಪಟ್ಟಿ) ಒಂದನ್ನು ಮೇಜಿನ ಮೇಲಿಟ್ಟು ನನ್ನ ಎಡಗೈ ಚಾಚಿದೆ. ‘ಮೊಣಕೈಯ ಕೆಳಗೆ ಗಾಯ, ರಕ್ತ ಚಿಮ್ಮುತ್ತಿದೆ’ ಎಂದೆ. ಅವನು ಕುರ್ಚಿಯಿಂದ ಎದ್ದದ್ದೂ ತಿಳಿಯಲಿಲ್ಲ. ಪಟ್ಟಿ ನನ್ನ ತೋಳಿಗೆ ಏರಿತು, ಗಾಯದ ಜಾಗಕ್ಕಿಂತ ಎರಡು ಮೂರು ಅಂಗುಲ ಮೇಲೆ, ಕೀಲನ್ನು ಬಿಟ್ಟು. ಸಡಿಲ ಉಳಿಯದಂತೆ ಎಳೆದ. ಇದೇ ಮುಖ್ಯ, ಹೊಸಬರು ಇಲ್ಲಿ ಸಡಿಲ ಬಿಟ್ಟು ಆಮೇಲೆ ಕೋಲನ್ನು ತಿರುಗಿಸಿ ತಿರುಗಿಸಿ ಸೋಲುತ್ತಾರೆ. ಕೋಲು ತಿರುವಿದ, ಕೊಕ್ಕೆಗೆ ಸಿಕ್ಕಿಸಿದ, ಮಣಿಕಟ್ಟಿನ ನಾಡಿ ಹಿಡಿದು ನಿಂತಿದೆಯೇ ಎಂದು ನೋಡಿದ, ಗಡಿಯಾರ ನೋಡಿ ಸಮಯವನ್ನು ಪಟ್ಟಿಯ ಮೇಲೆ ಬರೆದ. ಅಷ್ಟರಲ್ಲಿ ಇನ್ನೊಂದು ಕೈ ನನ್ನ ಬೆನ್ನು, ಕಂಕುಳು, ಕುತ್ತಿಗೆಯ ಹಿಂಭಾಗವನ್ನು ತಡವಿ ಬೇರೆ ಗಾಯವಿದೆಯೇ ಎಂದು ಹುಡುಕಿತ್ತು. ಅಪಘಾತ ವಿಭಾಗದಲ್ಲಿ ನಾನು ನೋಡಿದ ಎಷ್ಟೋ ಕೈಗಳಿಗಿಂತ ಆ ಕೈ ಪಳಗಿತ್ತು. ತಳಹದಿಯ ಮಾತನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ಪ್ರಶ್ನೆಪತ್ರಿಕೆ ತೆಗೆದೆವು. ಕೋರ್ಸಿನ ಮೊದಲ ಭಾಗ ನಾಗರಿಕ ಆಂಬುಲೆನ್ಸ್ ಸಿಬ್ಬಂದಿ ಕಲಿಯುವ ಪಾಠವೇ. ಯುದ್ಧರಂಗದ ಪಾಠ ಬರುವುದು ಎರಡನೆಯ ಭಾಗದಲ್ಲಿ. ಪ್ರಶ್ನೆ ಹೀಗಿತ್ತು: ರಸ್ತೆ ಅಪಘಾತ, ಗಾಯಾಳುವಿನ ಕಾಲಿನಿಂದ ರಕ್ತ ಸುರಿಯುತ್ತಿದೆ, ನೀವು ಮೊಟ್ಟಮೊದಲು ಏನು ಮಾಡುತ್ತೀರಿ? ಇವನ ಉತ್ತರ, ರಕ್ತ ನಿಲ್ಲಿಸುತ್ತೇನೆ. ಪತ್ರಿಕೆ ಬಯಸಿದ ಉತ್ತರ, ಸ್ಥಳ ಸುರಕ್ಷಿತವಾಗಿದೆಯೇ ಎಂದು ಖಚಿತಪಡಿಸಿಕೊಳ್ಳುತ್ತೇನೆ. ಅಮೆರಿಕದ ಆಂಬುಲೆನ್ಸ್ ಪಾಠದಲ್ಲಿ ಇದು ದೇವರ ಪೂಜೆಗೆ ಮುಂಚಿನ ಗಣಪತಿ ಪೂಜೆಯಿದ್ದ ಹಾಗೆ, ಬಿಡುವಂತಿಲ್ಲ. ನಾನು ಹಾಗೆಂದು ವಿವರಿಸಿದೆ. ಅವನು ತಲೆಯಾಡಿಸಿ ಹೇಳಿದ: ‘ಮ್ಯಾಮ್, ನಾನು ಕೆಲಸ ಮಾಡಿದ ಯಾವ ಸ್ಥಳವೂ ಸುರಕ್ಷಿತವಾಗಿರಲಿಲ್ಲ. ಆ ಪ್ರಶ್ನೆ ಕೇಳಿಕೊಂಡಿದ್ದರೆ ಯಾರ ಬಳಿಗೂ ಹೋಗಲು ಆಗುತ್ತಿರಲಿಲ್ಲ.’

ಅವನ ತಪ್ಪು ಉತ್ತರಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆವು. ಕೆಲವು ವೈದ್ಯಕೀಯ ತಪ್ಪುಗಳೇ, ಓದಿ ಸರಿಪಡಿಸಿಕೊಳ್ಳಬೇಕಾದಂಥವು. ಮಗುವಿನ ಉಸಿರಾಟದ ಪಾಠ ಅವನಿಗೆ ಬರುತ್ತಿರಲಿಲ್ಲ, ಏಕೆಂದರೆ ಅವನು ನೋಡಿದ್ದು ಸೈನಿಕರನ್ನು ಮಾತ್ರ. ಹೆಚ್ಚಿನವು ಬೇರೆ ಜಾತಿಯವು. ‘ಇವುಗಳಲ್ಲಿ ಯಾವುದನ್ನು ಬಿಟ್ಟು’ ಎಂದು ತಿರುಗುಮುರುಗಾಗಿ ಕೇಳುವ ಪ್ರಶ್ನೆಗಳಲ್ಲಿ ಆ ‘ಬಿಟ್ಟು’ ಕಣ್ಣಿಗೆ ಬಿದ್ದಿರಲಿಲ್ಲ. ನಾಲ್ಕೂ ಉತ್ತರಗಳು ಸರಿಯಾಗಿದ್ದು ಅವುಗಳಲ್ಲಿ ಅತ್ಯಂತ ಸರಿಯಾದದ್ದನ್ನು ಆರಿಸಬೇಕಾದ ಕಡೆ ಅವನು ಮೊದಲು ಕಂಡ ಸರಿ ಉತ್ತರಕ್ಕೆ ಗುರುತು ಹಾಕಿ ಮುಂದೆ ಹೋಗಿದ್ದ. ದೇಹದ ಶಾಖ 102 ಫ್ಯಾರನ್‌ಹೀಟ್ ಎಂದರೆ ಅವನ ಮನಸ್ಸು ಒಂದು ಕ್ಷಣ ನಿಂತು ಸೆಲ್ಸಿಯಸ್‌ನಲ್ಲಿ 39ರ ಆಸುಪಾಸು ಎಂದು ಲೆಕ್ಕ ಹಾಕಿ ಮುಂದೆ ಹೋಗುತ್ತಿತ್ತು. ತೂಕ ಪೌಂಡಿನಲ್ಲಿದ್ದರೆ ಇನ್ನೊಂದು ಲೆಕ್ಕ. ಪಕ್ಕದ ಹುಡುಗನಿಗೆ ಈ ಯಾವುದಕ್ಕೂ ಸಮಯ ಹೋಗುವುದಿಲ್ಲ. ಪರೀಕ್ಷೆ ಇಬ್ಬರಿಗೂ ಒಂದೇ, ಗಡಿಯಾರ ಒಂದೇ ಅಲ್ಲ.

ಇದನ್ನೆಲ್ಲ ಬರೆದುಕೊಂಡು ಬೋಧಕರ ಬಳಿ ಹೋದೆ. ಅಂಕ ಹೆಚ್ಚಿಸಿ ಎಂದು ಕೇಳಲಿಲ್ಲ. ಹಾಗೆ ಕೇಳುವವರೂ ಇದ್ದಾರೆ, ‘ಪಾಪ, ದೂರದಿಂದ ಬಂದವನು’ ಎಂದು. ನನಗೆ ಆ ‘ಪಾಪ’ ಕೇಳಿದರೆ ಮೈಯುರಿಯುತ್ತದೆ. ಇವನು ನಾಳೆ ತನ್ನ ದೇಶದಲ್ಲಿ ಯಾರದೋ ಮಗನ ಮೇಲೆ ಕೈ ಇಡುತ್ತಾನೆ, ಪಾಪ ಎಂದು ಪಾಸು ಮಾಡಿ ಕಳುಹಿಸಿದರೆ ಆ ಮಗನ ಗತಿಯೇನು? ನಾನು ಕೇಳಿದ್ದು ಇಷ್ಟೇ. ಮುಂದಿನ ಪಾಠಕ್ಕೆ ಮೊದಲು ಅವನನ್ನು ಮ್ಯಾನಿಕಿನ್ ಎಂಬ ಅಭ್ಯಾಸದ ಗೊಂಬೆಯ ಮುಂದೆ ನಿಲ್ಲಿಸಿ, ಮಾಡುತ್ತಾ ಮಾಡುತ್ತಾ ಮಾತನಾಡಿಸಿ. ಎಲ್ಲಿ ಗೊತ್ತಿಲ್ಲ, ಎಲ್ಲಿ ಗೊತ್ತಿದ್ದೂ ಹೇಳಲು ಬರುವುದಿಲ್ಲ ಎಂದು ನೀವೇ ನೋಡಿ. ಬೋಧಕರು, ತಾವೂ ಇರಾಕಿನಲ್ಲಿ ಇದ್ದು ಬಂದವರು, ಹಾಗೆ ಮಾಡಿದರು. ಮರುವಾರ ಫೋನು ಮಾಡಿ, ‘ನೀವು ಹೇಳಿದ್ದು ನಿಜ’ ಎನ್ನುವ ಬದಲು, ‘ಅವನಿಗೆ ಸಂಜೆಯ ಗುಂಪಿನಲ್ಲಿ ಹುಡುಗರಿಗೆ ಟೂರ್ನಿಕೆಟ್ ಹೇಳಿಕೊಡಲು ಒಪ್ಪಿಸುತ್ತೀರಾ’ ಎಂದು ಕೇಳಿದರು. ಸೇನೆಯಲ್ಲಿ ಹೊಗಳಿಕೆ ಬರುವುದು ಹೀಗೆಯೇ, ಇನ್ನೊಂದು ಕೆಲಸವಾಗಿ.

ಆ ಸಂಜೆಯ ಗುಂಪು ನಾವು ಮಾಡಿದ ಯಾವ ಏರ್ಪಾಡಿಗಿಂತಲೂ ಹೆಚ್ಚು ಕೆಲಸ ಮಾಡಿತು. ಮೂವತ್ತು ದಾಟಿದ, ಹೆಂಡತಿ ಮಕ್ಕಳಿರುವ ಸಾರ್ಜೆಂಟ್, ಮೀಸೆ ಮೂಡದ ಹುಡುಗರಿಂದ ಬಹು ಆಯ್ಕೆಯ ಪ್ರಶ್ನೆಗಳನ್ನು ಬಿಡಿಸುವ ಉಪಾಯ ಕಲಿಯಬೇಕು. ಸುಮ್ಮನೆ ಕಲಿ ಎಂದಿದ್ದರೆ ಅವನು ಖಂಡಿತ ಬರುತ್ತಿರಲಿಲ್ಲ, ಸೌಜನ್ಯದಿಂದ ತಲೆನೋವು ಎಂದು ಹೇಳಿ ಕೋಣೆಯಲ್ಲಿ ಕೂರುತ್ತಿದ್ದ. ಅವನು ಕಲಿಸುವ ಕೈಯೂ ಆದಾಗ ಕಲಿಯುವುದು ಹಗುರವಾಯಿತು. ಹುಡುಗರೂ ಚುರುಕು. ‘ಸಾರ್ಜೆಂಟ್, ಪ್ರಶ್ನೆಯ ಕೊನೆಯ ಸಾಲನ್ನು ಮೊದಲು ಓದಿ’ ಎಂದು ಅವನಿಗೆ ಹೇಳಿಕೊಟ್ಟದ್ದು ನೌಕಾಪಡೆಯ ಒಬ್ಬಳು ಹುಡುಗಿ, ನಾನಲ್ಲ.

ಎರಡನೆಯ ಭಾಗ ಶುರುವಾದಾಗ ಅವನ ದಿನಗಳು ಬಂದವು. ಯುದ್ಧರಂಗದ ಗಾಯಾಳು ಆರೈಕೆಗೆ ಈಗ ಜಗತ್ತಿನ ಎಷ್ಟೋ ಸೇನೆಗಳು ಅನುಸರಿಸುವ ಕ್ರಮ 1996ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಬಂಧದಿಂದ ಬಂದದ್ದು. ಗುಂಡು ಹಾರುತ್ತಿರುವಾಗ ಮಾಡಬೇಕಾದದ್ದು ಬೇರೆ, ಮರೆಗೆ ಎಳೆದುಕೊಂಡ ಮೇಲೆ ಮಾಡಬೇಕಾದದ್ದು ಬೇರೆ, ಸಾಗಿಸುವಾಗಿನದು ಬೇರೆ ಎಂದು ಅದು ಮೂರು ಹಂತ ಮಾಡುತ್ತದೆ. ಗುಂಡಿನ ನಡುವೆ ವೈದ್ಯಕೀಯ ಎಂದರೆ ಹೆಚ್ಚುಕಡಿಮೆ ಟೂರ್ನಿಕೆಟ್ ಒಂದೇ. ಉಳಿದದ್ದೆಲ್ಲ ಮರೆಗೆ ಹೋದ ಮೇಲೆ. ಮೊದಲು ಭಾರೀ ರಕ್ತಸ್ರಾವ, ಆಮೇಲೆ ಉಸಿರಿನ ದಾರಿ, ಆಮೇಲೆ ಎದೆ, ಆಮೇಲೆ ರಕ್ತಪರಿಚಲನೆ, ಕೊನೆಗೆ ಮೈ ತಣ್ಣಗಾಗದಂತೆ ನೋಡಿಕೊಳ್ಳುವುದು ಮತ್ತು ತಲೆಯ ಪೆಟ್ಟು. ಹುಡುಗರು ಈ ಸರಣಿಯನ್ನು ಇಂಗ್ಲಿಷ್ ಅಕ್ಷರಗಳ ಸೂತ್ರ ಮಾಡಿ ಬಾಯಿಪಾಠ ಹಾಕುತ್ತಾರೆ. ಇವನು ತನ್ನ ಮೈಮೇಲೆಯೇ ಕೈಯಾಡಿಸಿ, ತೊಡೆ, ಗಂಟಲು, ಎದೆ, ಮಣಿಕಟ್ಟು, ಹೊದಿಕೆ ಎಂದು ಇಟ್ಟುಕೊಂಡಿದ್ದ. ಪರೀಕ್ಷೆಯ ಕೋಣೆಯಲ್ಲೂ ಅವನ ಕೈ ಹಾಗೆ ಮೆಲ್ಲಗೆ ಓಡಾಡುತ್ತಿತ್ತು ಎಂದು ಮೇಲ್ವಿಚಾರಕರು ನಕ್ಕು ಹೇಳಿದರು.

ಆ ವರ್ಷ ರಂಜಾನ್ ಮೇ ತಿಂಗಳ ಮೊದಲ ವಾರದಲ್ಲಿ ಶುರುವಾಯಿತು. ಬಯಲು ಅಭ್ಯಾಸವೂ ಅದೇ ತಿಂಗಳು, ನಗರದ ವಾಯವ್ಯಕ್ಕಿರುವ ಕ್ಯಾಂಪ್ ಬುಲ್ಲಿಸ್‌ನಲ್ಲಿ. ಕುರುಚಲು ಕಾಡು, ಸುಣ್ಣಕಲ್ಲಿನ ನೆಲ, ನೆರಳು ಕಡಿಮೆ. ಸೂರ್ಯ ಮುಳುಗುವುದು ರಾತ್ರಿ ಎಂಟು ಕಳೆದ ಮೇಲೆ. ಸೇನೆಯಲ್ಲಿ ಬಿಸಿಲನ್ನು ಬರೀ ಉಷ್ಣಮಾಪಕದಿಂದ ಅಳೆಯುವುದಿಲ್ಲ, ಗಾಳಿಯ ತೇವ, ಬಿಸಿಲಿನ ಝಳ ಎರಡನ್ನೂ ಸೇರಿಸಿದ ಸೂಚ್ಯಂಕ ನೋಡಿ ಹಸಿರು, ಹಳದಿ, ಕೆಂಪು, ಕಪ್ಪು ಬಾವುಟ ಏರಿಸುತ್ತಾರೆ; ಅದಕ್ಕೆ ತಕ್ಕಂತೆ ಎಷ್ಟು ಹೊತ್ತು ಕೆಲಸ, ಎಷ್ಟು ಹೊತ್ತು ವಿಶ್ರಾಂತಿ, ಎಷ್ಟು ನೀರು ಎಂಬ ಪಟ್ಟಿ ಇದೆ. ಆ ಪಟ್ಟಿಯಲ್ಲಿ ಉಪವಾಸ ಮಾಡುವವನಿಗೆ ಕಾಲಮ್ಮು ಇಲ್ಲ.

ಕಚೇರಿಯಲ್ಲಿ ಎರಡು ಅಭಿಪ್ರಾಯ. ಉಪವಾಸ ಸಾರ್ಜೆಂಟ್‌ನ ಧರ್ಮ, ನಾವು ಬಾಯಿ ಹಾಕಬಾರದು ಎನ್ನುವವರು ಕೆಲವರು. ಬಿಸಿಲಿಗೆ ಬಿದ್ದರೆ ಯಾರು ಹೊಣೆ, ಬಿಡಿಸಿಬಿಡಿ ಎನ್ನುವವರು ಕೆಲವರು. ಇಬ್ಬರೂ ಅವನನ್ನು ಕೇಳಿರಲಿಲ್ಲ. ನಾನು ಆ ನೆಲೆಯ ಮುಸ್ಲಿಂ ಪ್ರಾರ್ಥನೆಗಳನ್ನು ನಡೆಸಿಕೊಡುತ್ತಿದ್ದವರನ್ನೂ ಸಾರ್ಜೆಂಟ್‌ನನ್ನೂ ಒಟ್ಟಿಗೆ ಕೂರಿಸಿ, ಮುಂದಿನ ದಿನಗಳ ವೇಳಾಪಟ್ಟಿಯನ್ನು ಮೇಜಿನ ಮೇಲೆ ಹರಡಿದೆ. ಅವನು ಅದರ ಮೇಲೆ ಬೆರಳಿಟ್ಟು ಹೋದ. ತರಗತಿ ಇರುವ ದಿನ ಉಪವಾಸ, ರಾತ್ರಿಯ ಅಭ್ಯಾಸ ಇರುವ ದಿನ ಉಪವಾಸ, ಸ್ಟ್ರೆಚರ್ ಹೊತ್ತು ಹಗಲಿಡೀ ನಡೆಯುವ ದಿನಗಳಲ್ಲಿ ಇಲ್ಲ. ಬಿಟ್ಟ ದಿನಗಳನ್ನು ಊರಿಗೆ ಹೋದ ಮೇಲೆ ತೀರಿಸುತ್ತೇನೆ. ಪ್ರಯಾಣಿಕನಿಗೆ ಆ ರಿಯಾಯಿತಿ ಧರ್ಮದಲ್ಲೇ ಇದೆ, ಗಡಿಯಲ್ಲೂ ಹಾಗೆಯೇ ಮಾಡುತ್ತಿದ್ದೆ ಎಂದ. ನಮ್ಮ ಪಾಲಿಗೆ ಉಳಿದದ್ದು ಅಡುಗೆಮನೆಯವರಿಗೆ ಹೇಳಿ ನಸುಕಿಗೆ ಮುಂಚೆ ಒಂದು ಊಟ, ರಾತ್ರಿ ಒಂದು ಊಟ ತೆಗೆದಿಡಿಸುವುದು, ಆ ಊಟದಲ್ಲಿ ಹಂದಿಮಾಂಸ ಇಲ್ಲವೆಂದು ಪೊಟ್ಟಣದ ಮೇಲೆ ಬರೆಸುವುದು. ಇಷ್ಟಕ್ಕೆ ನಾವು ಎರಡು ಸಭೆ ಮಾಡಿದ್ದೆವು.

ಎಲ್ಲರದೂ ಗಾಯ, ರಕ್ತಗಳ ಕೋರ್ಸಲ್ಲ. ಪೂರ್ವ ಆಫ್ರಿಕಾದಿಂದ ಬಂದ ಒಬ್ಬ ಹೆಣ್ಣುಮಗಳು, ಕಾರ್ಪೊರಲ್, ವೈದ್ಯಕೀಯ ಉಪಕರಣಗಳ ದುರಸ್ತಿ ಕಲಿಯುತ್ತಿದ್ದಳು. ತಿಂಗಳುಗಟ್ಟಲೆ ನಡೆಯುವ ಕೋರ್ಸು ಅದು. ಅವಳಿಗೆ ಇಂಗ್ಲಿಷಿನ ತೊಂದರೆಯೇ ಇರಲಿಲ್ಲ, ನನಗಿಂತ ಚೆನ್ನಾಗಿ ಮಾತನಾಡುತ್ತಿದ್ದಳು. ಅವಳ ಕೊರಗು ಬೇರೆ. ಇಲ್ಲಿ ಬಿಚ್ಚಿ ಜೋಡಿಸುವ ಯಂತ್ರಗಳೆಲ್ಲ 120 ವೋಲ್ಟ್, 60 ಹರ್ಟ್ಸ್‌ನವು. ಅವಳ ಆಸ್ಪತ್ರೆಯ ಗೋಡೆಯಿಂದ ಬರುವುದು 240 ವೋಲ್ಟ್, 50 ಹರ್ಟ್ಸ್. ಅದೂ ಬಂದಾಗ ಬಂತು, ಇಲ್ಲದಾಗ ಇಲ್ಲ. ದಾನವಾಗಿ ಬಂದ ಎಷ್ಟೋ ಯಂತ್ರಗಳು ಈ ಒಂದು ಕಾರಣಕ್ಕೆ ಅಲ್ಲಿ ಮೂಲೆ ಸೇರಿವೆಯಂತೆ. ಪಠ್ಯದಲ್ಲಿ ಇದಕ್ಕೆ ಜಾಗವಿರಲಿಲ್ಲ, ಆದರೆ ಕಾರ್ಯಾಗಾರದ ಹಿರಿಯ ತಂತ್ರಜ್ಞರೊಬ್ಬರು ಹೊರದೇಶಗಳ ನೆಲೆಗಳಲ್ಲಿ ದುಡಿದವರು. ಶುಕ್ರವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಅವರು ಅವಳಿಗೆ ಟ್ರಾನ್ಸ್‌ಫಾರ್ಮರ್, ಏರಿಳಿತ ತಡೆಯುವ ಸಾಧನ, ಯಾವ ಮೋಟರು 50 ಹರ್ಟ್ಸ್‌ನಲ್ಲಿ ಬಿಸಿಯಾಗಿ ಸುಟ್ಟುಹೋಗುತ್ತದೆ ಎಂಬುದನ್ನೆಲ್ಲ ಹೇಳಿಕೊಟ್ಟರು. ನಾನು ಮಾಡಿದ್ದು ಅವರಿಬ್ಬರನ್ನು ಪರಿಚಯಿಸಿದ್ದು. ನಮ್ಮ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವುದು ಇಂಥ ಪರಿಚಯಗಳೇ, ಅವು ಯಾವ ವರದಿಯಲ್ಲೂ ಬರುವುದಿಲ್ಲ.

ವರದಿಯಲ್ಲಿ ಬರುವುದು ಪ್ರವಾಸಗಳು. ಫೀಲ್ಡ್ ಸ್ಟಡೀಸ್ ಪ್ರೋಗ್ರಾಂ ಎಂಬ ಹೆಸರಿನಲ್ಲಿ ಈ ವಿದ್ಯಾರ್ಥಿಗಳಿಗೆ ಅಮೆರಿಕದ ಆಡಳಿತ, ನ್ಯಾಯಾಲಯ, ಪತ್ರಿಕೆ, ಚುನಾವಣೆ, ಮಾನವ ಹಕ್ಕುಗಳನ್ನು ಪರಿಚಯಿಸಬೇಕೆಂದು ರಕ್ಷಣಾ ಇಲಾಖೆಯ ನಿಯಮವಿದೆ. ಆಸ್ಟಿನ್‌ನ ಶಾಸನಸಭೆಯ ಭವನ ತೋರಿಸಿದರೆ ಎಲ್ಲರೂ ಗುಮ್ಮಟದ ಕೆಳಗೆ ಫೋಟೊ ತೆಗೆಸಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ನಮ್ಮ ನೆಲೆಯೊಳಗಿನ ಕ್ವಾಡ್ರಾಂಗಲ್ ಹಾಗಲ್ಲ. 1876ರ ಸುಣ್ಣಕಲ್ಲಿನ ಕಟ್ಟಡ, ನಡುವೆ ಗಡಿಯಾರದ ಗೋಪುರ, ಅಂಗಳದಲ್ಲಿ ಜಿಂಕೆಗಳು, ನವಿಲುಗಳು. 1886ರಲ್ಲಿ ಅಮೆರಿಕದ ಮೂಲನಿವಾಸಿ ಅಪಾಚೆ ಜನರ ನಾಯಕ ಜೆರೊನಿಮೊನನ್ನೂ ಅವನ ಜೊತೆಯವರನ್ನೂ ಫ್ಲಾರಿಡಾಕ್ಕೆ ಸಾಗಿಸುವ ಮೊದಲು ಇಲ್ಲಿಯೇ ಸೆರೆ ಇಟ್ಟಿದ್ದರು. ಒಬ್ಬ ವಿದ್ಯಾರ್ಥಿ ಕೇಳಿದ, ‘ಅವನ ಮೇಲೆ ವಿಚಾರಣೆ ನಡೆಯಿತೇ?’ ಇಲ್ಲ ಎಂದೆ. ಯುದ್ಧಕೈದಿಯಾಗಿಯೇ ಉಳಿದ, 1909ರಲ್ಲಿ ಕೈದಿಯಾಗಿಯೇ ಸತ್ತ. ಬಸ್ಸಿನಲ್ಲಿ ಮರಳುವಾಗ ಆ ಬಗ್ಗೆ ಅವರವರೇ ವಾದಕ್ಕಿಳಿದರು. ತಮ್ಮ ತಮ್ಮ ದೇಶದ ಬಂಡುಕೋರರು, ಸೆರೆಯಾಳುಗಳು, ಗಾಯಗೊಂಡ ಶತ್ರುವಿಗೆ ಚಿಕಿತ್ಸೆ ಕೊಡಬೇಕೇ ಎಂಬ ಪ್ರಶ್ನೆ. 1949ರ ಜಿನೀವಾ ಒಪ್ಪಂದ ಕೊಡಬೇಕು ಎನ್ನುತ್ತದೆ, ಯಾರ ಗಾಯ ಹೆಚ್ಚು ತುರ್ತೋ ಅವರಿಗೆ ಮೊದಲು. ತರಗತಿಯಲ್ಲಿ ಇದನ್ನು ಕೇಳಿ ‘ಆಯಿತು ಸರ್’ ಎಂದವರೇ ಬಸ್ಸಿನಲ್ಲಿ ಗಂಟಲು ಹರಿಯುವಂತೆ ಕೂಗಾಡುತ್ತಿದ್ದರು. ನಾನು ಮುಂದಿನ ಸೀಟಿನಲ್ಲಿ ತೆಪ್ಪಗೆ ಕುಳಿತಿದ್ದೆ.

ಸಾರ್ಜೆಂಟ್ ಪಾಸಾಗಿ ಊರಿಗೆ ಹೋದ. ಅದೇ ವರ್ಷ ಡಿಸೆಂಬರ್ 6ರಂದು ಫ್ಲಾರಿಡಾದ ಪೆನ್ಸಕೋಲ ನೌಕಾ ವಾಯುನೆಲೆಯಲ್ಲಿ ತರಬೇತಿಗೆ ಬಂದಿದ್ದ ಸೌದಿ ಅಧಿಕಾರಿಯೊಬ್ಬ ಗುಂಡು ಹಾರಿಸಿ ಅಮೆರಿಕದ ಮೂವರು ನಾವಿಕರನ್ನು ಕೊಂದ. ಅಲ್ಲಿಂದ ಮುಂದಿನ ವಾರಗಳು ನನಗೆ ಈ ಕೆಲಸದಲ್ಲೇ ಕಠಿಣವಾದವು. ಸೌದಿ ವಿದ್ಯಾರ್ಥಿಗಳ ತರಬೇತಿಯನ್ನು ತರಗತಿಯ ಪಾಠಕ್ಕೆ ಸೀಮಿತಗೊಳಿಸಿದರು. ಮರು ಜನವರಿಯಲ್ಲಿ ಎಲ್ಲ ದೇಶಗಳ ವಿದ್ಯಾರ್ಥಿಗಳಿಗೂ ಹೊಸ ನಿಯಮ ಬಂತು: ಸ್ವಂತ ಬಂದೂಕು ಇಟ್ಟುಕೊಳ್ಳುವಂತಿಲ್ಲ, ನೆಲೆಯೊಳಗಿನ ಓಡಾಟಕ್ಕೆ ಮಿತಿ, ಹಿನ್ನೆಲೆಯ ಪರಿಶೀಲನೆ ಇನ್ನೂ ಬಿಗಿ. ನಿಯಮ ಬೇಕಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಸತ್ತವರೂ ತರಬೇತಿಗೆ ಬಂದ ಹುಡುಗರೇ. ನಮ್ಮ ವಿದ್ಯಾರ್ಥಿಗಳಿಗೆ ನಿಯಮಕ್ಕಿಂತ ಜನರ ಕಣ್ಣುಗಳು ಭಾರವಾದವು. ಹೊರಗಿನ ಅಂಗಡಿಯೊಂದರಲ್ಲಿ ಯಾರೋ ಒಬ್ಬರು ನಮ್ಮ ಹುಡುಗನ ಸಮವಸ್ತ್ರದ ಮೇಲಿನ ಬಾವುಟ ನೋಡಿ ‘ನಿನ್ನದು ಯಾವ ದೇಶ’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರಂತೆ. ಅವನು ಮತ್ತೆ ಶನಿವಾರ ಹೊರಗೆ ಕಾಲಿಡಲಿಲ್ಲ.

ಅವನನ್ನು ಹೊರಗೆ ತಂದದ್ದು ನಾನಲ್ಲ, ನಗರದ ಒಂದು ಕುಟುಂಬ. ವಿದೇಶಿ ವಿದ್ಯಾರ್ಥಿಯನ್ನು ಹಬ್ಬಕ್ಕೆ, ವಾರಾಂತ್ಯಕ್ಕೆ ಮನೆಗೆ ಕರೆಯುವ ಪ್ರಾಯೋಜಕ ಕುಟುಂಬಗಳ ಪಟ್ಟಿ ನಮ್ಮಲ್ಲಿದೆ. ಎಲ್ಲರೂ ಸ್ವಂತ ಇಚ್ಛೆಯಿಂದ ಬಂದವರು. ಗುಂಡಿನ ಸುದ್ದಿ ಬಂದ ಎರಡು ದಿನಕ್ಕೆ ಅವನ ಕುಟುಂಬದ ಯಜಮಾನರು ಫೋನು ಮಾಡಿದರು, ನಿವೃತ್ತ ಸೈನಿಕರು, ಗಡಸು ದನಿ. ಹೆಸರು ಹಿಂದೆ ತೆಗೆದುಕೊಳ್ಳುತ್ತಾರೆ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡೆ. ‘ನೆಲೆಯ ಗೇಟಿನಲ್ಲಿ ಈಗ ಸಾಲು ಉದ್ದವಂತೆ, ಹುಡುಗನನ್ನು ಕರೆದುಕೊಂಡು ಹೋಗಲು ಎಷ್ಟು ಹೊತ್ತಿಗೆ ಬಂದರೆ ಸರಿ?’ ಎಂದು ಕೇಳಿದರು. ಅದರ ಬಗ್ಗೆ ಬೇರೆ ಮಾತೇ ಆಡಲಿಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ರಕ್ಷಣಾ ಇಲಾಖೆ ವಿದೇಶ ಸಂಚಾರಕ್ಕೆಲ್ಲ 60 ದಿನಗಳ ತಡೆ ಹಾಕಿತು. ಕೋರ್ಸು ಮುಗಿಸಿ ಪೆಟ್ಟಿಗೆ ಕಟ್ಟಿದವರು ಹಾಗೇ ಉಳಿದರು. ಇಲ್ಲಿಂದ ಬಿಟ್ಟರೂ ಅವರ ದೇಶಗಳು ವಿಮಾನಗಳನ್ನು ಇಳಿಯಲು ಬಿಡುತ್ತಿರಲಿಲ್ಲ. ಐಟಿಒದಲ್ಲಿ ಬರೆದ ಕೊನೆಯ ದಿನಾಂಕ ದಾಟಿದರೆ ಭತ್ಯೆಗೆ, ವಸತಿಗೆ, ಔಷಧಕ್ಕೆ ಎಲ್ಲಕ್ಕೂ ತಿದ್ದುಪಡಿ ಬೇಕು. ನಾನು ಆ ಬೇಸಿಗೆಯೆಲ್ಲ ತಿದ್ದುಪಡಿಯ ಕಾಗದಗಳ ಹಿಂದೆ ಬಿದ್ದಿದ್ದೆ. ಕಾಗದ ತಿದ್ದಬಹುದು. ಅರಿವಳಿಕೆಯ ದಾದಿಯೊಬ್ಬಳು ಮಾತ್ರ ದಿನವೂ ಬಂದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದಳು. ಅವಳ ಊರಿನ ಆಸ್ಪತ್ರೆಯಲ್ಲಿ ವೆಂಟಿಲೇಟರ್ ನಡೆಸಬಲ್ಲ ಕೈಗಳು ಎಣಿಕೆಯವು, ಅವುಗಳಲ್ಲಿ ಎರಡು ಇಲ್ಲಿ ಖಾಲಿ ಕುಳಿತಿದ್ದವು. ಅವಳಿಗೆ ಸಮಾಧಾನ ಹೇಳುವುದು ಅವಮಾನ ಮಾಡಿದಂತೆ ಎನಿಸಿ, ಅಲ್ಲಿನ ಅವಳ ಸಹೋದ್ಯೋಗಿಗಳೊಡನೆ ರಾತ್ರಿ ವಿಡಿಯೊ ಕರೆಯಲ್ಲಿ ಮಾತನಾಡಲು ಒಂದು ಕೋಣೆ, ಒಳ್ಳೆಯ ಇಂಟರ್‌ನೆಟ್ ಕೊಡಿಸಿದೆ. ಅವರ ಹಗಲು ಅವಳ ರಾತ್ರಿ. ಯಂತ್ರದ ಅಂಕಿಗಳನ್ನು ಅವರು ಓದುತ್ತಿದ್ದರು, ಇವಳು ಇಲ್ಲಿಂದ ಹೇಳುತ್ತಿದ್ದಳು.

ಸಾರ್ಜೆಂಟ್‌ನ ಇಮೇಲ್ ಬಂದದ್ದು ಅದೇ ಬೇಸಿಗೆಯಲ್ಲಿ. ಊರಿಗೆ ಹೋದ ಮೇಲೆ ಅವನನ್ನು ತರಬೇತುದಾರನನ್ನಾಗಿ ಮಾಡಿದ್ದರು. ಪಾಠದ ಚಿತ್ರಗಳು ಬೇಕೆಂದಿದ್ದ. ಅವು ‘ಡಿಪ್ಲಾಯ್ಡ್ ಮೆಡಿಸಿನ್’ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಉಚಿತವಾಗಿ ಇವೆ, ವಿಳಾಸ ಕಳುಹಿಸಿದೆ. ಆಮೇಲೆ ನಿಜವಾದ ಪ್ರಶ್ನೆ ಬಂತು. ಅವನ ತುಕಡಿಗೆ ಒಂದು ಪೆಟ್ಟಿಗೆ ಟೂರ್ನಿಕೆಟ್‌ಗಳು ಮಾತ್ರ ಸಿಕ್ಕಿದ್ದವು. ಒಂದಕ್ಕೆ ಸುಮಾರು 30 ಡಾಲರ್. ಮತ್ತೆ ಯಾವಾಗ ಬರುತ್ತವೋ ಹೇಳುವಂತಿಲ್ಲ. ಇವುಗಳಲ್ಲೇ ಹುಡುಗರಿಗೆ ಅಭ್ಯಾಸ ಮಾಡಿಸಿ, ಆಮೇಲೆ ಅವನ್ನೇ ಗಡಿಗೆ ಒಯ್ಯಬಹುದೇ? ಶಾಲೆಯಲ್ಲಿ ಅಭ್ಯಾಸದ ನೀಲಿ ಟೂರ್ನಿಕೆಟ್‌ಗಳು ಬುಟ್ಟಿಗಟ್ಟಲೆ ಬಿದ್ದಿರುತ್ತವೆ, ಅಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ನಾನು ಅದನ್ನು ಅವನ ಹಳೆಯ ಬೋಧಕರಿಗೆ ಕಳುಹಿಸಿದೆ. ಅವರು ಅದೇ ದಿನ ಉತ್ತರ ಬರೆದರು: ಬೇಡ, ಪದೇ ಪದೇ ತಿರುವಿದ ಪಟ್ಟಿ ಸೋಲುತ್ತದೆ, ನಿಜವಾದ ಗಾಯದ ಮೇಲೆ ಕೈಕೊಡಬಹುದು, ಎರಡನ್ನು ಮಾತ್ರ ತೆಗೆದು ಕಣ್ಣಿಗೆ ಹೊಡೆಯುವ ಬಣ್ಣ ಬಳಿ, ಅವು ಅಭ್ಯಾಸಕ್ಕೇ ಮೀಸಲು, ಉಳಿದವುಗಳ ಪೊಟ್ಟಣ ಒಡೆಯಬೇಡ. ಅವನು ಫೋಟೊ ಕಳುಹಿಸಿದ. ಎರಡಕ್ಕೂ ಬಾಗಿಲಿಗೆ ಬಳಿಯುವ ಹಸಿರು ಬಣ್ಣ ಬಳಿದಿದ್ದ. ಕೆಳಗೆ ಇನ್ನೊಂದು ಪ್ರಶ್ನೆ ಬರೆದಿದ್ದ, ಗಾಯಾಳುವಿನ ವಿವರ ಬರೆಯುವ ಚೀಟಿಯನ್ನು ಫ್ರೆಂಚಿನಲ್ಲಿ ಅಚ್ಚು ಹಾಕಿಸಿದರೆ ಕ್ರಮಸಂಖ್ಯೆಗಳನ್ನು ಹಾಗೇ ಇಟ್ಟುಕೊಳ್ಳಬೇಕೇ ಎಂದು. ಇಟ್ಟುಕೊ ಎಂದು ಬರೆದೆ.